ಗುರುತು ಮತ್ತು ಅಧಿಕಾರ: ಗಣಕಯಂತ್ರ ಪ್ರವೇಶವನ್ನು ಕುರಿತು ಒಂದು ವಿವೇಚನೆ

ಶಾಸ್ತ್ರಗ್ರಂಥವೊಂದನ್ನು ಆರಂಭಿಸುವ ಮುನ್ನ ನಮ್ಮ ಪೂರ್ವಿಕರು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದರು. ಗ್ರಂಥದ ವಿಷಯ ಯಾವುದು? ಅದರ ಪ್ರಯೋಜನವೇನು? ವಿಷಯಕ್ಕೂ ಗ್ರಂಥಕ್ಕೂ ಇರುವ ಸಂಬಂಧವೇನು? ಅದಕ್ಕೆ ಅಧಿಕಾರಿ ಯಾರು? ಇವನ್ನು ಅನುಬಂಧ ಚತುಷ್ಟಯವೆಂದು ಕರೆಯುವುದು ವಾಡಿಕೆ. ಇಲ್ಲಿ ಅಧಿಕಾರಿಯೆಂದರೆ ದರ್ಪವುಳ್ಳವನೆಂದು ಅರ್ಥವಲ್ಲ. ಒಂದು ಕಾರ್ಯಕ್ಕೆ ತಕ್ಕ ಅರ್ಹತೆಯುಳ್ಳವನೆಂದು ಅರ್ಥ. ಆ ಅರ್ಹತೆಯನ್ನು ಹುಟ್ಟಿನಿಂದ ಅಳೆಯುತ್ತಿದ್ದ ಕಾಲದಲ್ಲಿ, ಅದನ್ನು ಕಾಯಕದಿಂದ ಅಳೆಯಬೇಕೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದರು. ಯಾರು ಏನನ್ನು ಮಾಡಲು ಅರ್ಹರೆಂಬ ಈ ಪ್ರಶ್ನೆ ಇಂದು ನಮ್ಮ ಕಚೇರಿಯ ಮೇಜಿನ ಮೇಲೆ ಕುಳಿತಿರುವ ಗಣಕಯಂತ್ರದೊಳಗೂ ಬಂದು ನಿಂತಿದೆ.

ವಿದ್ಯಾಸಂಸ್ಥೆಗಳ ದಾಖಲಾತಿ ಪುಸ್ತಕ, ಹಾಜರಿ, ಅಂಕಪಟ್ಟಿ, ಶುಲ್ಕದ ಲೆಕ್ಕ, ವಿದ್ಯಾರ್ಥಿನಿಲಯದ ದಿನಸಿಯ ಲೆಕ್ಕ, ದಾನಿಗಳ ವಿವರ ಇವೆಲ್ಲ ಈಗ ಸಾಫ್ಟ್‌ವೇರ್‌ನ ಒಳಗೆ ಸೇರುತ್ತಿವೆ. ಅದರೊಳಗೆ ಹೋಗುವ ಬಾಗಿಲಾದರೋ ಒಂದಲ್ಲ. ಉಪಾಧ್ಯಾಯರು ಪಾಸ್‌ವರ್ಡ್ ಬರೆದು ಹೋಗುತ್ತಾರೆ. ಪಾಲಕರು ಮೊಬೈಲಿಗೆ ಬಂದ ಓಟಿಪಿ ಹೇಳಿ ಹೋಗುತ್ತಾರೆ. ಗುಮಾಸ್ತರು ಬೆರಳಚ್ಚು ಕೊಟ್ಟು ಹೋಗುತ್ತಾರೆ. ದೂರದೇಶದಲ್ಲಿರುವ ಹಳೆಯ ವಿದ್ಯಾರ್ಥಿಯು ತನ್ನ ಗೂಗಲ್ ಖಾತೆಯ ಮೂಲಕ ಪ್ರವೇಶಿಸುತ್ತಾನೆ. ಹೀಗೆ ಬೇರೆ ಬೇರೆ ಬಾಗಿಲುಗಳಿಂದ ಬಂದವರಿಗೆ ಅವರವರ ಅಧಿಕಾರವನ್ನು ಹೆಚ್ಚು ಕಡಿಮೆಯಾಗದಂತೆ ಹಂಚುವುದು ಹೇಗೆಂಬುದೇ ಈ ಲೇಖನದ ವಿಷಯ. ಯಂತ್ರದ ಒಳರಚನೆ ತಂತ್ರಜ್ಞರ ಕ್ಷೇತ್ರ. ಆದರೆ ಯಾರಿಗೆ ಯಾವ ಅಧಿಕಾರವೆಂಬುದನ್ನು ನಿರ್ಣಯಿಸಬೇಕಾದವರು ಸಂಸ್ಥೆಯನ್ನು ನಡೆಸುವವರು. ಆದುದರಿಂದ ಈ ವಿಷಯವನ್ನು ಉಪಾಧ್ಯಾಯರೂ ಆಡಳಿತ ಮಂಡಳಿಯವರೂ ದಾನಿಗಳೂ ತಿಳಿದಿರುವುದು ಅವಶ್ಯ.

ಎರಡು ಪ್ರಶ್ನೆಗಳು

ಗಣಕಯಂತ್ರದ ಮುಂದೆ ಬಂದವನಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಮೊದಲನೆಯದು, ‘ನೀನು ಯಾರು?’ ಎರಡನೆಯದು, ‘ನೀನು ಇಲ್ಲಿ ಏನನ್ನು ಮಾಡಬಹುದು?’ ಮೊದಲನೆಯದು ಗುರುತಿನ ಪ್ರಶ್ನೆ, ಎರಡನೆಯದು ಅಧಿಕಾರದ ಪ್ರಶ್ನೆ. ಇವೆರಡನ್ನೂ ಒಂದೇ ಎಂದು ಭ್ರಮಿಸುವುದರಿಂದಲೇ ಬಹುಪಾಲು ಅನರ್ಥಗಳು ಹುಟ್ಟುತ್ತವೆ.

ಗುರುತನ್ನು ಸಾಧಿಸುವ ಮಾರ್ಗಗಳು ಮೂರು ಬಗೆ. ತನಗೊಬ್ಬನಿಗೇ ತಿಳಿದಿರುವುದನ್ನು ಹೇಳುವುದು ಒಂದು. ಪಾಸ್‌ವರ್ಡ್ ಈ ಬಗೆಯದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಟೊ ಅವರ ನೇತೃತ್ವದಲ್ಲಿ, ಹಲವರು ಒಂದೇ ಗಣಕಯಂತ್ರವನ್ನು ಹಂಚಿಕೊಂಡು ಬಳಸುವ ವ್ಯವಸ್ಥೆ ಸಿದ್ಧವಾದಾಗ, ಒಬ್ಬರ ಕಡತವನ್ನು ಮತ್ತೊಬ್ಬರು ತೆರೆಯದಿರಲೆಂದು ಪಾಸ್‌ವರ್ಡ್ ಬಳಕೆಗೆ ಬಂದಿತು. ತನ್ನ ಬಳಿ ಇರುವ ವಸ್ತುವನ್ನು ತೋರಿಸುವುದು ಎರಡನೆಯದು. ಮೊಬೈಲಿಗೆ ಬರುವ ಓಟಿಪಿ, 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಿಂದ ಮಾನ್ಯತೆ ಪಡೆದ ಡಿಜಿಟಲ್ ಸಹಿಯ ಕೀಲಿ ಇವು ಈ ಬಗೆಯವು. ತನ್ನ ದೇಹವನ್ನೇ ಸಾಕ್ಷಿಯಾಗಿ ನಿಲ್ಲಿಸುವುದು ಮೂರನೆಯದು; ಬೆರಳಚ್ಚು, ಮುಖಚಹರೆ, ಕಣ್ಣಿನ ಪಾಪೆ ಇದಕ್ಕೆ ಉದಾಹರಣೆ. ಈ ಮೂರೂ ಹೇಳುವುದು ‘ಇವನು ಇಂಥವನು’ ಎಂಬಷ್ಟನ್ನು ಮಾತ್ರ. ‘ಇವನು ಅಂಕಗಳನ್ನು ತಿದ್ದಬಹುದು’ ಎಂದು ಯಾವ ಬೆರಳೂ ಹೇಳಲಾರದು.

ಎರಡನೆಯ ಪ್ರಶ್ನೆಗೆ ನಮ್ಮ ಸೀಮೆಯಲ್ಲಿಯೇ ಒಳ್ಳೆಯ ದೃಷ್ಟಾಂತವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಕೆ ತೋಟಗಳಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಸೌಲಭ್ಯವುಂಟು. ಒಂದು ಎಕರೆ ತೋಟಕ್ಕೆ ಗರಿಷ್ಠ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಗೊತ್ತುಮಾಡಿ, ತೋಟಕ್ಕೆ ಬೇಕಾದ ಸೊಪ್ಪು ದರಕುಗಳನ್ನು ಅಲ್ಲಿಂದ ತರಲು ಅವಕಾಶ ಕೊಡಲಾಯಿತು. ಈ ಹಕ್ಕು ವ್ಯಕ್ತಿಗೆ ಅಂಟಿದುದಲ್ಲ, ತೋಟಕ್ಕೆ ಅಂಟಿದುದು. ತೋಟ ಕೈಬದಲಾದರೆ ಹೊಸ ಒಡೆಯನಿಗೆ ಬೆಟ್ಟದ ಸೌಲಭ್ಯವೂ ಸಲ್ಲುತ್ತದೆ. ಮೇಲಾಗಿ ಅದು ಮಿತವಾದ ಹಕ್ಕು. ಸೊಪ್ಪು ಕಡಿಯುವವನು ಬೆಟ್ಟದ ಸ್ವಾಮಿಯಾಗುವುದಿಲ್ಲ. ಬೆಟ್ಟಕ್ಕೆ ಗಾಡಿ ದಾರಿಯಿಂದ ಹೋದನೋ ಕಾಲುದಾರಿಯಿಂದ ಹೋದನೋ ಎಂಬುದರಿಂದ ಆ ಹಕ್ಕು ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಗಣಕಯಂತ್ರದ ಅಧಿಕಾರವೂ ಹೀಗೆಯೇ ಇರಬೇಕು. ಹಿಡಿದು ಬಂದ ದಾರಿ ಬೇರೆ, ಹೊಂದಿರುವ ಹಕ್ಕು ಬೇರೆ.

ಪಾತ್ರವೆಂಬ ಕಲ್ಪನೆ

ನೂರು ಜನ ಬಳಕೆದಾರರೂ ಇನ್ನೂರು ಬಗೆಯ ಕೆಲಸಗಳೂ ಇರುವ ಕಡೆ ಪ್ರತಿಯೊಬ್ಬನಿಗೂ ಪ್ರತ್ಯೇಕವಾಗಿ ಅನುಮತಿ ಬರೆಯಹೊರಟರೆ ಇಪ್ಪತ್ತು ಸಾವಿರ ನಿರ್ಣಯಗಳಾಗುತ್ತವೆ. ಅವನ್ನು ನೆನಪಿಡುವವರಿಲ್ಲ, ಪರಿಶೀಲಿಸುವವರೂ ಇಲ್ಲ. ಈ ತೊಡಕಿಗೆ ಪರಿಹಾರವಾಗಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಎಂಬ ಅಮೆರಿಕದ ವಿದ್ವಾಂಸರು 1992ರಲ್ಲಿ ಒಂದು ಪ್ರಬಂಧವನ್ನು ಮಂಡಿಸಿದರು. ಅನುಮತಿಗಳನ್ನು ವ್ಯಕ್ತಿಗೆ ನೇರವಾಗಿ ಕೊಡದೆ ‘ಪಾತ್ರ’ಕ್ಕೆ ಕೊಡಬೇಕು, ವ್ಯಕ್ತಿಯನ್ನು ಪಾತ್ರಕ್ಕೆ ನಿಯೋಜಿಸಬೇಕು ಎಂಬುದು ಅದರ ಸಾರ. 1996ರಲ್ಲಿ ರವಿ ಸಂಧು ಮತ್ತು ಸಂಗಡಿಗರು ಇದಕ್ಕೆ ಕ್ರಮಬದ್ಧವಾದ ಮಾದರಿಗಳನ್ನು ರಚಿಸಿದರು. 2004ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ಇದನ್ನು ಪಾತ್ರಾಧಾರಿತ ಅಧಿಕಾರ ನಿಯಂತ್ರಣವೆನ್ನಬಹುದು.

ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ಇದು ಅಪರಿಚಿತವಾದ ವಿಚಾರವೇನೂ ಅಲ್ಲ. ‘ಗುರು’ ಎಂಬುದು ನಾಮಪ್ರಕೃತಿ. ಗುರುವು ಬೋಧಿಸಿದನು ಎನ್ನುವಲ್ಲಿ ಅವನು ಕರ್ತೃ. ಗುರುವನ್ನು ಪೂಜಿಸಿದರು ಎನ್ನುವಲ್ಲಿ ಕರ್ಮ. ಗುರುವಿಗೆ ಕಾಣಿಕೆ ಕೊಟ್ಟರು ಎನ್ನುವಲ್ಲಿ ಸಂಪ್ರದಾನ. ವ್ಯಕ್ತಿ ಒಬ್ಬನೇ, ಕ್ರಿಯೆಯೊಡನೆ ಅವನಿಗಿರುವ ಸಂಬಂಧವನ್ನು ತಿಳಿಸುವುದು ವಿಭಕ್ತಿ. ಪ್ರಕೃತಿಯು ವ್ಯಕ್ತಿಯಾದರೆ ವಿಭಕ್ತಿಯು ಪಾತ್ರ, ಕ್ರಿಯಾಪದವು ಅವನಿಗೆ ಒಪ್ಪಿಸಿದ ಕಾರ್ಯ. ಪ್ರತ್ಯಯ ಹತ್ತದ ಬರಿಯ ಪ್ರಕೃತಿ ಪದವಾಗಿ ವಾಕ್ಯದಲ್ಲಿ ನಿಲ್ಲಲಾರದು. ಅಂತೆಯೇ ಪಾತ್ರವಿಲ್ಲದ ವ್ಯಕ್ತಿ ತನ್ನ ಗುರುತನ್ನು ಎಷ್ಟೇ ದೃಢವಾಗಿ ಸಾಧಿಸಿದರೂ ಯಂತ್ರದೊಳಗೆ ಏನನ್ನೂ ಮಾಡಲಾಗದಂತಿರಬೇಕು. 1975ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬುವರು ಗಣಕ ರಕ್ಷಣೆಯ ತತ್ತ್ವಗಳನ್ನು ನಿರೂಪಿಸುತ್ತ, ಸ್ಪಷ್ಟವಾಗಿ ಕೊಡದ ಅನುಮತಿ ಇಲ್ಲವೆಂದೇ ತಿಳಿಯಬೇಕು, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು ಎಂದು ಹೇಳಿದುದು ಇದನ್ನೇ.

ಈ ದೃಷ್ಟಾಂತವನ್ನು ಇನ್ನೊಂದು ಹೆಜ್ಜೆ ಮುಂದುವರಿಸಬಹುದು. ನಮ್ಮ ಭಾಷೆಯ ಶಬ್ದಗಳು ನಾಲ್ಕು ಬಾಗಿಲುಗಳಿಂದ ಬಂದಿವೆ. ‘ಮನೆ’ ದೇಶ್ಯ, ‘ಗ್ರಾಮ’ ತತ್ಸಮ, ‘ಸಿರಿ’ ತದ್ಭವ, ‘ಕಚೇರಿ’ ಅನ್ಯದೇಶ್ಯ. ಆದರೆ ಮನೆಯಲ್ಲಿ, ಗ್ರಾಮದಲ್ಲಿ, ಸಿರಿಯಲ್ಲಿ, ಕಚೇರಿಯಲ್ಲಿ ಎಂದು ಎಲ್ಲಕ್ಕೂ ಹತ್ತುವುದು ಒಂದೇ ಸಪ್ತಮೀ ಪ್ರತ್ಯಯ. ಪ್ರಕೃತಿಯ ಅಂತ್ಯಕ್ಕೆ ತಕ್ಕಂತೆ ನಡುವೆ ಒಮ್ಮೆ ಯಕಾರವೂ ಒಮ್ಮೆ ದಕಾರವೂ ಬಂದೀತು. ಪ್ರತ್ಯಯ ಮಾತ್ರ ಬದಲಾಗದು. ಪರದೇಶದಿಂದ ಬಂದ ಶಬ್ದಕ್ಕೆ ಪರದೇಶದ ವಿಭಕ್ತಿಯನ್ನೇ ಹಚ್ಚುತ್ತೇವೆಂದು ಹೊರಟಿದ್ದರೆ ಕನ್ನಡದಲ್ಲಿ ಒಂದು ವಾಕ್ಯವೂ ನೆಟ್ಟಗಾಗುತ್ತಿರಲಿಲ್ಲ. ಲಾಗಿನ್ ವಿಧಾನಗಳು ಹಲವಿದ್ದಾಗ ಪಾಲಿಸಬೇಕಾದ ನಿಯಮವೂ ಇದೇ. ಪ್ರತಿ ಬಾಗಿಲಿಗೂ ಅದರದೇ ಆದ ಸಂಧಿಕಾರ್ಯ ನಡುವೆ ಇರಲಿ. ಪಾತ್ರವನ್ನು ಹಚ್ಚುವ ನಿಯಮ ಒಳಗೆ ಒಂದೇ ಇರಲಿ.

‘ಭೂಮಿ’ ಯೋಜನೆಯ ಪಾಠ

ಕರ್ನಾಟಕದಲ್ಲಿ ಜನಸಾಮಾನ್ಯರ ಬದುಕನ್ನು ಮುಟ್ಟುವಂತೆ ಈ ತತ್ತ್ವವು ಕಾರ್ಯರೂಪಕ್ಕೆ ಬಂದುದು ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಲ್ಲಿ. ಅದರ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಒಂದು ಕಾಲದಲ್ಲಿ ಊರಿನ ಲೆಕ್ಕ ಶಾನುಭೋಗರ ಮನೆತನಕ್ಕೆ ಸೇರಿತ್ತು. ಅಲ್ಲಿ ಅಧಿಕಾರವು ಹುಟ್ಟಿಗೆ ಅಂಟಿಕೊಂಡಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ಆ ಹುದ್ದೆಗಳನ್ನು ತೆಗೆದುಹಾಕಿ, ಸರಕಾರ ನೇಮಿಸಿದ ಗ್ರಾಮ ಲೆಕ್ಕಿಗರಿಗೆ ಕೆಲಸವನ್ನು ಒಪ್ಪಿಸಿತು. ಹೀಗೆ ಅಧಿಕಾರವು ವಂಶವನ್ನು ಬಿಟ್ಟು ಹುದ್ದೆಯನ್ನು ಸೇರಿತು. ಆದರೂ ಪಹಣಿಯ ಪುಸ್ತಕ ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿ ಚದುರಿಹೋಗಿತ್ತು. ಬರೆಯುವವರೂ ಅವರೇ, ನಕಲು ಕೊಡುವವರೂ ಅವರೇ, ಕಾದಿರಿಸುವವರೂ ಅವರೇ. ಒಂದು ಅಕ್ಷರ ಬದಲಾದರೆ ಬದಲಾಯಿಸಿದವರಾರೆಂದು ತಿಳಿಯುವ ದಾರಿ ರೈತನಿಗಿರಲಿಲ್ಲ.

ರಾಷ್ಟ್ರೀಯ ಮಾಹಿತಿ ಕೇಂದ್ರವು ಸಿದ್ಧಪಡಿಸಿದ ಸಾಫ್ಟ್‌ವೇರ್‌ನಿಂದ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. 2002ರ ಹೊತ್ತಿಗೆ ತಾಲೂಕು ಕಚೇರಿಗಳ ಕೇಂದ್ರಗಳಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿ ದೊರೆಯುವಂತಾಯಿತು. ಕೈಬರಹದ ಪಹಣಿಯ ಮಾನ್ಯತೆ ನಿಂತಿತು. ನಮ್ಮ ವಿಷಯಕ್ಕೆ ಮುಖ್ಯವಾದುದು ಅಲ್ಲಿ ಮಾಡಿದ ಎರಡು ಏರ್ಪಾಡುಗಳು.

ಮೊದಲನೆಯದು ಗುರುತಿನ ಏರ್ಪಾಡು. ಪಾಸ್‌ವರ್ಡ್ ಒಬ್ಬರಿಂದ ಒಬ್ಬರಿಗೆ ಹರಿದು ಹೋಗುತ್ತದೆಂಬುದನ್ನು ಅರಿತು, ಸಿಬ್ಬಂದಿಯ ಪ್ರವೇಶಕ್ಕೆ ಬೆರಳಚ್ಚನ್ನು ಗೊತ್ತುಪಡಿಸಲಾಯಿತು. ಬೆರಳನ್ನು ಸಾಲವಾಗಿ ಕೊಡುವುದು ಪಾಸ್‌ವರ್ಡನ್ನು ಹೇಳಿಕೊಟ್ಟಷ್ಟು ಸುಲಭವಲ್ಲ. ಯಾರು ಯಾವಾಗ ಏನು ಮಾಡಿದರೆಂಬುದು ದಾಖಲೆಯಲ್ಲಿ ಉಳಿಯಿತು.

ಎರಡನೆಯದು ಅಧಿಕಾರದ ಏರ್ಪಾಡು. ಖಾತೆ ಬದಲಾವಣೆಯ ಅರ್ಜಿಯನ್ನು ಕೇಂದ್ರದಲ್ಲಿ ನಮೂದಿಸುವವರು ಒಬ್ಬರು. ನೋಟೀಸು ಜಾರಿಯಾಗಿ ಆಗಿನ ನಿಯಮದಂತೆ 30 ದಿನಗಳ ಅವಧಿ ಕಳೆದ ಮೇಲೆ ಆದೇಶ ಮಾಡುವವರು ಕಂದಾಯ ನಿರೀಕ್ಷಕರು. ಆ ಆದೇಶವನ್ನು ಸ್ಕ್ಯಾನ್ ಮಾಡಿ ಸೇರಿಸಿದ ಬಳಿಕವೇ ಪಹಣಿಯಲ್ಲಿ ಹೆಸರು ಬದಲು. ಅರ್ಜಿ ಹಿಡಿದವರೇ ಆದೇಶ ಮಾಡುವಂತಿಲ್ಲ. ಹಿಂದೆ ಬಂದ ಅರ್ಜಿಯನ್ನು ಮುಂದಕ್ಕೆ ತಳ್ಳುವಂತೆಯೂ ಇಲ್ಲ. ಒಂದು ಕಾರ್ಯದ ಎರಡು ತುದಿಗಳನ್ನು ಒಬ್ಬನ ಕೈಗೆ ಕೊಡಬಾರದೆಂಬ ಈ ನೀತಿಯನ್ನು ಕರ್ತವ್ಯ ವಿಭಜನೆಯೆಂದು ಕರೆಯುತ್ತಾರೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬೆರಳಚ್ಚು ಎಷ್ಟೇ ಬಲವಾಗಿದ್ದರೂ ಕರ್ತವ್ಯ ವಿಭಜನೆ ಇಲ್ಲದಿದ್ದರೆ ಏನಾಗುತ್ತಿತ್ತು? ತಪ್ಪು ಮಾಡಿದವನು ಯಾರೆಂದು ತಿಳಿಯುತ್ತಿತ್ತು, ತಪ್ಪು ಮಾತ್ರ ತಡೆಯುತ್ತಿರಲಿಲ್ಲ. ಕರ್ತವ್ಯ ವಿಭಜನೆಯಿದ್ದು ಗುರುತು ದುರ್ಬಲವಾಗಿದ್ದರೆ? ಇಬ್ಬರ ಪಾಸ್‌ವರ್ಡನ್ನೂ ತಿಳಿದ ಒಬ್ಬನೇ ಎರಡೂ ಪಾತ್ರಗಳನ್ನು ಆಡುತ್ತಿದ್ದನು. ಎತ್ತುಗಳೆರಡೂ ಸಮನಾಗಿ ಎಳೆದರೆ ಮಾತ್ರ ನೇಗಿಲು ನೇರವಾಗಿ ಸಾಗುವಂತೆ ಇವೆರಡೂ ಒಟ್ಟಿಗೆ ಇರಬೇಕು.

ಬಾಗಿಲುಗಳು ಹಲವೇಕೆ?

ಹಾಗಾದರೆ ಎಲ್ಲರಿಗೂ ಬೆರಳಚ್ಚನ್ನೇ ವಿಧಿಸಿಬಿಡಬಾರದೇಕೆ ಎಂದು ಕೇಳಬಹುದು. ಮಲೆನಾಡಿನಲ್ಲಿ ವರ್ಷಗಟ್ಟಲೆ ಅಡಕೆ ಸುಲಿದ, ಮಣ್ಣು ಅಗೆದ ಕೈಗಳ ರೇಖೆ ಸವೆದಿರುತ್ತದೆ. ಯಂತ್ರವು ಆ ಬೆರಳನ್ನು ಒಲ್ಲೆನೆಂದರೆ, ನ್ಯಾಯವಾದ ಹಕ್ಕುಳ್ಳ ತಾಯಿಯೊಬ್ಬಳು ತನ್ನ ಮಗುವಿನ ವಿದ್ಯಾರ್ಥಿವೇತನದ ವಿವರ ನೋಡಲಾರದೆ ಹಿಂದಿರುಗಬೇಕಾದೀತು. ಆಷಾಢದ ಮಳೆಯಲ್ಲಿ ಇಸಳೂರಿನಂತಹ ಊರಿನಲ್ಲಿ ಸಿಗ್ನಲ್ ಹೋಗಿ ಓಟಿಪಿ ಬಾರದಿರಬಹುದು. ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಯ ಬಳಿ ಭಾರತದ ಮೊಬೈಲ್ ಸಂಖ್ಯೆ ಇಲ್ಲದಿರಬಹುದು. ಆದುದರಿಂದ ಬಾಗಿಲುಗಳು ಹಲವಿರಬೇಕಾದುದು ಸೌಕರ್ಯಕ್ಕಾಗಿ ಮಾತ್ರವಲ್ಲ, ನ್ಯಾಯಕ್ಕಾಗಿಯೂ ಹೌದು. ದಾಸೋಹದ ಮನೆಗೆ ಬಾಗಿಲು ಒಂದೇ ಇದ್ದು ಅದೂ ಕಿರಿದಾಗಿದ್ದರೆ ಹಸಿದವನು ಹೊರಗೇ ಉಳಿಯುವನಷ್ಟೆ?

ಸರಕಾರವೂ ಇದೇ ದಾರಿಯನ್ನು ಹಿಡಿದಿದೆ. 2022ರಲ್ಲಿ ಪರಿಚಯಿಸಲಾದ ‘ಮೇರಿ ಪೆಹಚಾನ್’ ಎಂಬ ರಾಷ್ಟ್ರೀಯ ಏಕಪ್ರವೇಶ ವ್ಯವಸ್ಥೆಯಲ್ಲಿ ಡಿಜಿಲಾಕರ್, ಇ-ಪ್ರಮಾಣ, ಜನ್ ಪರಿಚಯ್ ಎಂಬ ಮೂರು ಗುರುತಿನ ಸೇವೆಗಳನ್ನು ಜೋಡಿಸಲಾಗಿದೆ. ಇವುಗಳಲ್ಲಿ ಯಾವುದರಿಂದ ಬಂದರೂ ನಾಗರಿಕನು ಹಲವು ಸೇವೆಗಳನ್ನು ಪಡೆಯಬಹುದು. ಇಂತಹ ವ್ಯವಸ್ಥೆಗಳಲ್ಲಿ ಹೊರಗಿನ ಸೇವೆಯು ನಮ್ಮ ಸಾಫ್ಟ್‌ವೇರ್‌ಗೆ ಒಂದು ಪರಿಚಯಪತ್ರವನ್ನು ಕಳುಹಿಸುತ್ತದೆ. ಆ ಪತ್ರದ ರೀತಿನೀತಿಗಳನ್ನು ಗೊತ್ತುಪಡಿಸುವ ‘ಓಪನ್ ಐಡಿ ಕನೆಕ್ಟ್’ ಎಂಬ ಮಾನಕ 2014ರಲ್ಲಿ ಬಂದಿತು.

ಜೋಡಣೆಯ ಕ್ರಮ

ಈಗ ಒಂದು ಶಾಲೆಯ ಸಾಫ್ಟ್‌ವೇರ್ ಹೇಗಿರಬೇಕೆಂಬುದನ್ನು ಕ್ರಮವಾಗಿ ನೋಡೋಣ.

ಮೊದಲು ಪ್ರತಿಯೊಬ್ಬ ವ್ಯಕ್ತಿಗೂ ಒಳಗೆ ಒಂದೇ ಒಂದು ಮೂಲಖಾತೆ ಇರಬೇಕು. ಒಬ್ಬ ಉಪಾಧ್ಯಾಯರು ಬೆಳಗ್ಗೆ ಪಾಸ್‌ವರ್ಡಿನಿಂದಲೂ ಸಂಜೆ ಓಟಿಪಿಯಿಂದಲೂ ಪ್ರವೇಶಿಸಿದರೆ ಯಂತ್ರದಲ್ಲಿ ಅವರು ಇಬ್ಬರಾಗಬಾರದು. ಎರಡು ಖಾತೆಗಳಾದರೆ ಒಂದರಿಂದ ತೆಗೆದ ಅಧಿಕಾರ ಮತ್ತೊಂದರಲ್ಲಿ ಉಳಿದುಬಿಡುತ್ತದೆ.

ಬಳಿಕ, ಆ ಮೂಲಖಾತೆಗೆ ಒಂದೊಂದೇ ಬಾಗಿಲನ್ನು ಜೋಡಿಸಬೇಕು. ಹೀಗೆ ಜೋಡಿಸುವಾಗ ಮೊಬೈಲ್ ಸಂಖ್ಯೆಯನ್ನಾಗಲಿ ಮಿಂಚಂಚೆ ವಿಳಾಸವನ್ನಾಗಲಿ ವ್ಯಕ್ತಿಯೆಂದೇ ತಿಳಿಯಬಾರದು. ಹಳ್ಳಿಯ ಮನೆಯಲ್ಲಿ ಐವರಿಗೆ ಒಂದೇ ಮೊಬೈಲ್ ಇರುವುದುಂಟು. ಬಳಕೆ ನಿಂತ ಸಂಖ್ಯೆಯನ್ನು ಕಂಪನಿಗಳು 90 ದಿನ ಕಳೆದ ಮೇಲೆ ಬೇರೊಬ್ಬರಿಗೆ ಕೊಡಬಹುದು. ಆಗ ಹಿಂದಿನವರ ಮಗುವಿನ ಅಂಕಪಟ್ಟಿ ಅಪರಿಚಿತನಿಗೆ ತೆರೆದುಕೊಂಡೀತು. ಪರಿಚಯಪತ್ರದಲ್ಲಿ ಅದನ್ನು ಕಳುಹಿಸಿದ ಸೇವೆಯ ಹೆಸರೂ ಆ ಸೇವೆಯು ವ್ಯಕ್ತಿಗೆ ಕೊಟ್ಟ ಬದಲಾಗದ ಕ್ರಮಾಂಕವೂ ಇರುತ್ತವೆ. ಈ ಎರಡನ್ನೂ ಕೂಡಿಸಿ ಗುರುತಾಗಿ ಹಿಡಿಯಬೇಕೆಂಬುದು ಮೇಲೆ ಹೇಳಿದ ಮಾನಕದ ವಿಧಿ. ಇನಿಷಿಯಲ್ ಒಂದೇ ಆದ ಇಬ್ಬರು ಬಸವರಾಜರನ್ನು ದಾಖಲಾತಿ ಪುಸ್ತಕದ ಸಂಖ್ಯೆಯಿಂದ ಬೇರ್ಪಡಿಸುವಂತೆಯೇ ಇದು.

ಮೂರನೆಯದಾಗಿ, ಪಾತ್ರವನ್ನು ನಿರ್ಣಯಿಸುವ ಪಟ್ಟಿ ಸಂಸ್ಥೆಯ ಒಳಗಿರಬೇಕು. ‘ಈತ ಇಂಥವನು’ ಎಂದು ಹೊರಗಿನ ಸೇವೆ ಸಾಕ್ಷಿ ಹೇಳಲಿ. ‘ಈತ ನಮ್ಮಲ್ಲಿ ಹತ್ತನೆಯ ತರಗತಿಯ ಕನ್ನಡ ಉಪಾಧ್ಯಾಯ’ ಎಂದು ಹೇಳಬೇಕಾದವರು ನಾವು. ಓಟಿಪಿಯಿಂದ ಬಂದವರೆಲ್ಲ ಪಾಲಕರು, ಪಾಸ್‌ವರ್ಡಿನಿಂದ ಬಂದವರೆಲ್ಲ ಉಪಾಧ್ಯಾಯರು ಎಂದು ಬಾಗಿಲನ್ನು ನೋಡಿ ಪಾತ್ರವನ್ನು ಊಹಿಸುವ ಸಾಫ್ಟ್‌ವೇರ್ ಅತ್ಯಂತ ಅಪಾಯಕಾರಿ. ಮಠದ ಹಿಂಬಾಗಿಲಿನಿಂದ ಬಂದವನೆಲ್ಲ ಅಡುಗೆಯವನಲ್ಲ.

ನಾಲ್ಕನೆಯದಾಗಿ, ಬಾಗಿಲಿಗೆ ಪಾತ್ರವನ್ನು ಕೊಡುವ ಶಕ್ತಿ ಇಲ್ಲದಿದ್ದರೂ ಬಾಗಿಲಿನ ಬಲವನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ. ಹಾಜರಿ ಗುರುತಿಸಲು ಪಾಸ್‌ವರ್ಡ್ ಸಾಕು. ಆದರೆ ಪ್ರಕಟವಾದ ಅಂಕವನ್ನು ತಿದ್ದುವಾಗ, ವರ್ಗಾವಣೆ ಪತ್ರ ಕೊಡುವಾಗ, ದಾನದ ಹಣವನ್ನು ಒಂದು ಬಾಬಿನಿಂದ ಇನ್ನೊಂದಕ್ಕೆ ಹಾಕುವಾಗ ಎರಡನೆಯ ಸಾಕ್ಷಿಯನ್ನು ಕೇಳಬೇಕು. ಅಧಿಕಾರವು ಪಾತ್ರದಿಂದಲೇ ಬರುತ್ತದೆ. ದುರ್ಬಲವಾದ ಬಾಗಿಲಿನಿಂದ ಬಂದವನಿಗೆ ಆ ಅಧಿಕಾರದ ಒಂದು ಭಾಗ ಮಾತ್ರ, ಇನ್ನೊಂದು ಸಾಕ್ಷಿ ದೊರೆಯುವವರೆಗೆ, ತಡೆಹಿಡಿಯಲ್ಪಡುತ್ತದೆ. ಬಾಗಿಲು ಅಧಿಕಾರವನ್ನು ಕುಗ್ಗಿಸಬಹುದೇ ಹೊರತು ಹಿಗ್ಗಿಸಬಾರದು.

ಎಚ್ಚರಿಕೆಯ ಸ್ಥಳಗಳು

ವಿಶಾಖದತ್ತನ ಮುದ್ರಾರಾಕ್ಷಸ ನಾಟಕದ ಕಥೆ ಸಹೃದಯರಿಗೆ ತಿಳಿದುದೇ. ಕೆಂಪುನಾರಾಯಣನು 1823ರಲ್ಲಿ ಮುದ್ರಾಮಂಜೂಷವೆಂಬ ಗದ್ಯಗ್ರಂಥದಲ್ಲಿ ಆ ಕಥೆಯನ್ನು ಕನ್ನಡಿಗರಿಗೆ ಹೇಳಿದನು. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರುತ್ತದೆ. ಆ ಮುದ್ರೆಯೊತ್ತಿದ ಕಪಟಪತ್ರವನ್ನು ನಂಬಿ ಮಲಯಕೇತು ತನ್ನ ಹಿತೈಷಿಯನ್ನೇ ಸಂದೇಹಿಸುತ್ತಾನೆ. ಒಂದು ಪಕ್ಷವೇ ಮುರಿದುಬೀಳುತ್ತದೆ. ಉಂಗುರ ಯಾರ ಬೆರಳಲ್ಲಿದೆಯೋ ಅವನೇ ಅಮಾತ್ಯನೆಂದು ತಿಳಿದುದರ ಫಲ ಅದು. ಇಂದು ಕಚೇರಿಗಳಲ್ಲಿ ಹಿರಿಯರ ಡಿಜಿಟಲ್ ಸಹಿಯ ಕೀಲಿಯನ್ನು ಮೇಜಿನ ಸೆಳೆಖಾನೆಯಲ್ಲಿಟ್ಟು ಕಿರಿಯರಿಂದ ಒತ್ತಿಸುವ ಪರಿಪಾಠವನ್ನು, ಗೋಡೆಗೆ ಪಾಸ್‌ವರ್ಡ್ ಅಂಟಿಸುವ ಪರಿಪಾಠವನ್ನು ಕಂಡಾಗ ಆ ಉಂಗುರದ ನೆನಪಾಗದಿರದು. ಇಡೀ ಶಾಲೆಯ ಹೆಸರಿಗೆ ಒಂದೇ ಲಾಗಿನ್ ಇರುವ ಕಡೆಯಂತೂ ತಪ್ಪಾದಾಗ ಹೊಣೆ ಯಾರ ಮೇಲೂ ನಿಲ್ಲುವುದಿಲ್ಲ. ಕೊನೆಗೆ ಅದು ನಿರಪರಾಧಿಯಾದ ದುರ್ಬಲನ ಮೇಲೆ ಬೀಳುತ್ತದೆ.

ಎರಡನೆಯ ಎಚ್ಚರ ವರ್ಗಾವಣೆ ಮತ್ತು ನಿವೃತ್ತಿಗಳ ಸಮಯದ್ದು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಹಾರ ಹಾಕುತ್ತೇವೆ. ಕಪಾಟಿನ ಕೀಲಿಕೈಯನ್ನು ಮರಳಿ ಪಡೆಯುತ್ತೇವೆ. ಯಂತ್ರದಲ್ಲಿರುವ ಪಾತ್ರವನ್ನು ಮರಳಿ ಪಡೆಯುವುದನ್ನು ಮರೆಯುತ್ತೇವೆ. ಪಾತ್ರದ ಪಟ್ಟಿ ಒಂದೇ ಇದ್ದರೆ ಒಂದು ಗೆರೆ ಹೊಡೆದರೆ ಸಾಕು, ಎಲ್ಲ ಬಾಗಿಲುಗಳಲ್ಲಿಯೂ ಆ ಅಧಿಕಾರ ಅಂದೇ ಮುಗಿಯುತ್ತದೆ. ಪ್ರತಿ ಬಾಗಿಲಿಗೂ ಪ್ರತ್ಯೇಕ ಪಟ್ಟಿಯಿದ್ದರೆ ಒಂದಲ್ಲ ಒಂದು ಬಾಗಿಲು ತೆರೆದೇ ಉಳಿಯುತ್ತದೆ. ಇನ್ನೂ ಒಂದು ತಾಂತ್ರಿಕ ಸೂಕ್ಷ್ಮವುಂಟು. ಕೆಲವು ಸಾಫ್ಟ್‌ವೇರ್‌ಗಳು ಪ್ರವೇಶದ ವೇಳೆಯಲ್ಲಿಯೇ ಪಾತ್ರವನ್ನು ಒಂದು ಚೀಟಿಯಲ್ಲಿ ಬರೆದು ಬಳಕೆದಾರನ ಯಂತ್ರಕ್ಕೆ ಕೊಟ್ಟುಬಿಡುತ್ತವೆ. ಪಾತ್ರ ಹೋದರೂ ಚೀಟಿಯ ಅವಧಿ ಮುಗಿಯುವವರೆಗೆ ಅಧಿಕಾರ ನಡೆಯುತ್ತಿರುತ್ತದೆ. ಆದುದರಿಂದ ಆ ಚೀಟಿಯ ಆಯುಷ್ಯ ಅಲ್ಪವಾಗಿರಬೇಕು. ಮಹತ್ತ್ವದ ಕಾರ್ಯಗಳಲ್ಲಿ ಚೀಟಿಯನ್ನು ನಂಬದೆ ಪ್ರತಿ ಸಲವೂ ಮೂಲ ಪಟ್ಟಿಯನ್ನು ನೋಡಬೇಕು.

ಮೂರನೆಯದು ಒಬ್ಬರಿಗೆ ಎರಡು ಪಾತ್ರಗಳಿರುವ ಸಂದರ್ಭ. ನಮ್ಮ ಶಾಲೆಗಳಲ್ಲಿ ಉಪಾಧ್ಯಾಯರ ಮಕ್ಕಳು ಅದೇ ಶಾಲೆಯಲ್ಲಿ ಓದುವುದು ಸಹಜ. ತಾಯಿಯಾಗಿ ಬಂದಾಗ ತನ್ನ ಮಗಳ ಅಂಕವನ್ನು ನೋಡಬಹುದು, ತಿದ್ದಬಾರದು. ಉಪಾಧ್ಯಾಯಿನಿಯಾಗಿ ಬಂದಾಗ ತರಗತಿಯ ಅಂಕವನ್ನು ಬರೆಯಬಹುದು, ಆದರೆ ಅವುಗಳಲ್ಲಿ ತನ್ನ ಮಗಳ ಅಂಕವನ್ನು ಮತ್ತೊಬ್ಬರು ದೃಢಪಡಿಸಬೇಕು. ಆದುದರಿಂದ ಆ ಹೊತ್ತಿಗೆ ಯಾವ ಪಾತ್ರದಲ್ಲಿ ಕುಳಿತಿದ್ದೇನೆಂಬುದನ್ನು ಆರಿಸುವ ಅವಕಾಶವೂ, ಅದು ದಾಖಲಾಗುವ ವ್ಯವಸ್ಥೆಯೂ ಇರಬೇಕು. ಮುಖ್ಯೋಪಾಧ್ಯಾಯರು ರಜೆಯಲ್ಲಿದ್ದಾಗ ಪ್ರಭಾರ ವಹಿಸಿದವರಿಗೆ ಆ ಪಾತ್ರವನ್ನು ಗೊತ್ತಾದ ದಿನಾಂಕದವರೆಗೆ ಕೊಡಬೇಕು. ಮುಖ್ಯೋಪಾಧ್ಯಾಯರ ಪಾಸ್‌ವರ್ಡನ್ನು ಕೊಡಬಾರದು.

ನಾಲ್ಕನೆಯದು ಆಪತ್ಕಾಲ. ಹೊರಗಿನ ಗುರುತಿನ ಸೇವೆ ಕೆಲಸ ಮಾಡದಿದ್ದ ದಿನ ಪರೀಕ್ಷೆ ನಿಲ್ಲುವಂತಿಲ್ಲ. ಸ್ಥಳೀಯವಾದ ಒಂದು ಬಾಗಿಲು ಇರಬೇಕು. ಆದರೆ ಆ ಬಾಗಿಲಿನಿಂದ ಬಂದವರೂ ಅದೇ ಪಾತ್ರಪಟ್ಟಿಗೆ ಒಳಪಟ್ಟಿರಬೇಕು. ಎಲ್ಲವನ್ನೂ ಮಾಡಬಲ್ಲ ಸರ್ವಾಧಿಕಾರದ ಖಾತೆ ಅನಿವಾರ್ಯವಾದರೆ, ಇಬ್ಬರು ಹಿರಿಯರ ತಿಳಿವಳಿಕೆಯಿಲ್ಲದೆ ಅದು ತೆರೆಯಬಾರದು.

ಸಂಸ್ಥೆ ಮಾಡಬೇಕಾದುದು

ಇಷ್ಟೆಲ್ಲ ಯಾರಿಗಾಗಿ ಎಂದು ಕೇಳಿದರೆ ಉತ್ತರ ಸ್ಪಷ್ಟ. ಶಾಲೆಯ ದಾಖಲೆಯಲ್ಲಿ ಬರೆದ ಜನ್ಮದಿನಾಂಕ, ಜಾತಿ, ಅಂಕಗಳು ಮಗುವಿನ ಇಡೀ ಬಾಳನ್ನು ಹಿಂಬಾಲಿಸುತ್ತವೆ. ಒಂದು ಅಂಕಿ ತಪ್ಪಿದರೆ ಬಡಮಗುವಿನ ವಿದ್ಯಾರ್ಥಿವೇತನ ತಪ್ಪುತ್ತದೆ. ನೋಡಬಾರದವರು ನೋಡಿದರೆ ಹೆಣ್ಣುಮಗುವಿನ ವಿಳಾಸ, ಫೋನ್ ಸಂಖ್ಯೆ ದುರ್ಜನರ ಕೈಸೇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ ಅವರ ವಿವರಗಳಿಗೆ ವಿಶೇಷ ರಕ್ಷಣೆಯನ್ನು ವಿಧಿಸಿದೆ. ಕಾಯಿದೆ ಇಲ್ಲದಿದ್ದರೂ, ನಂಬಿ ಒಪ್ಪಿಸಿದ ಮಗುವಿನ ವಿಷಯದಲ್ಲಿ ಈ ಹೊಣೆ ನಮ್ಮದೇ ಆಗಿತ್ತು. ದಾನಿಗಳು ಕೊಟ್ಟ ಪ್ರತಿ ರೂಪಾಯಿಯ ವಿಷಯದಲ್ಲಿಯೂ ಅಷ್ಟೆ.

ಆದುದರಿಂದ ಸಾಫ್ಟ್‌ವೇರ್ ಕೊಳ್ಳುವ ಮೊದಲು ಆಡಳಿತ ಮಂಡಳಿಯು ಕಾಗದದ ಮೇಲೆ ಒಂದು ಪಟ್ಟಿಯನ್ನು ಸಿದ್ಧಪಡಿಸಬೇಕು. ಎಡಗಡೆಯಲ್ಲಿ ಮುಖ್ಯೋಪಾಧ್ಯಾಯ, ತರಗತಿ ಉಪಾಧ್ಯಾಯ, ಗುಮಾಸ್ತ, ವಿದ್ಯಾರ್ಥಿನಿಲಯದ ಮೇಲ್ವಿಚಾರಕ, ಪಾಲಕ, ದಾನಿ, ಹಳೆಯ ವಿದ್ಯಾರ್ಥಿ ಎಂದು ಪಾತ್ರಗಳು. ಮೇಲುಗಡೆಯಲ್ಲಿ ನೋಡುವುದು, ಬರೆಯುವುದು, ತಿದ್ದುವುದು, ಮಂಜೂರು ಮಾಡುವುದು ಎಂದು ಕಾರ್ಯಗಳು. ಪ್ರತಿ ಮನೆಯಲ್ಲಿ ಹೌದು ಅಥವಾ ಅಲ್ಲ. ಲಾಗಿನ್ ವಿಧಾನದ ಹೆಸರು ಈ ಪಟ್ಟಿಯಲ್ಲಿ ಬರಲೇಕೂಡದು. ಆ ಬಳಿಕ ಸಾಫ್ಟ್‌ವೇರ್ ಮಾರುವವರಿಗೆ ಕೇಳಬೇಕಾದ ಪ್ರಶ್ನೆಗಳು ಕೆಲವೇ: ಎಲ್ಲ ಬಾಗಿಲುಗಳಿಗೂ ಇದೇ ಒಂದು ಪಟ್ಟಿ ಅನ್ವಯಿಸುವುದೋ? ಪಾತ್ರವನ್ನು ತೆಗೆದ ಕೂಡಲೇ ಎಲ್ಲ ಕಡೆಯೂ ಅದು ನಿಲ್ಲುವುದೋ? ಯಾರು, ಯಾವ ಪಾತ್ರದಲ್ಲಿ, ಯಾವ ಬಾಗಿಲಿನಿಂದ ಬಂದು, ಯಾವಾಗ, ಏನು ಮಾಡಿದರೆಂಬುದು ಅಳಿಸಲಾಗದಂತೆ ಉಳಿಯುವುದೋ? ವರ್ಷಕ್ಕೆ ಎರಡು ಬಾರಿ, ಜೂನ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ಈ ಪಟ್ಟಿಯನ್ನು ಸಿಬ್ಬಂದಿಯ ಹಾಜರಿ ಪುಸ್ತಕದೊಡನೆ ತಾಳೆ ನೋಡುವ ಪದ್ಧತಿಯನ್ನೂ ಇಟ್ಟುಕೊಳ್ಳಬೇಕು. ತಂತ್ರಜ್ಞಾನದಲ್ಲಿ ಪರಿಣತರಾದ ನಮ್ಮ ಹಳೆಯ ವಿದ್ಯಾರ್ಥಿಗಳು ದೇಶವಿದೇಶಗಳಲ್ಲಿದ್ದಾರೆ. ಅವರು ಹಣದ ಜೊತೆಗೆ ಈ ಪರಿಶೀಲನೆಯ ಶ್ರಮವನ್ನೂ ದಾನವಾಗಿ ಕೊಟ್ಟರೆ ಅದು ಕಟ್ಟಡದ ಕೊಡುಗೆಗಿಂತ ಕಡಿಮೆಯಾದುದೇನಲ್ಲ.

ಬಿಜ್ಜಳನ ಭಂಡಾರದಲ್ಲಿ ಬಸವಣ್ಣನವರು ಭಂಡಾರಿಯಾಗಿದ್ದರೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ಭಂಡಾರದ ಕೀಲಿಕೈ ಅವರ ಕೈಯಲ್ಲಿತ್ತು, ಭಂಡಾರ ಅವರದಾಗಿರಲಿಲ್ಲ. ಅಧಿಕಾರವೆಂಬುದು ಕಾಯಕದ ಅವಧಿಗೆ ನಮ್ಮ ಬಳಿ ಇರಿಸಿದ ನಿಕ್ಷೇಪ. ಈ ಅರಿವು ಮನುಷ್ಯನಲ್ಲಿದ್ದರೆ ಯಂತ್ರಕ್ಕೆ ಅದನ್ನು ಕಲಿಸುವುದು ಕಷ್ಟವಲ್ಲ. ಬಾಗಿಲುಗಳು ಹಲವಾಗಿ ಯಾರೂ ಹೊರಗುಳಿಯದಿರಲಿ. ಅಧಿಕಾರದ ಪಟ್ಟಿ ಒಂದೇ ಆಗಿ ಯಾರೂ ಮಿತಿಮೀರದಿರಲಿ. ಶ್ರೀಮಠದ ಕೃಪಾಛಾಯೆಯಲ್ಲಿ ಬೆಳೆಯುತ್ತಿರುವ ನಮ್ಮ ವಿದ್ಯಾಸಂಸ್ಥೆ ಈ ವಿಷಯದಲ್ಲಿಯೂ ಸುತ್ತಣ ಶಾಲೆಗಳಿಗೆ ಮಾದರಿಯಾಗಲೆಂದು ಹಾರೈಸಿ ಲೇಖನಿಗೆ ವಿರಾಮ ಕೊಡುತ್ತೇನೆ.